ಮಗನಿಗೆ ಪ್ರೈವೇಟು, ಮಗಳಿಗೆ ಸರ್ಕಾರಿ ಅಂತಿದಾರೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಮ್ಮೆಜಮಾನ್ರು ಗೂಡ್ಸ್ ಟೆಂಪೋ ಓಡಿಸ್ತಾರೆ, ನಾನು ಮನೇಲೇ ಬ್ಲೌಸ್ ಹೊಲೀತೀನಿ, ಇಬ್ರದ್ದೂ ಸೇರಿ ತಿಂಗ್ಳಿಗೆ 32 ಸಾವಿರ ಬಂದ್ರೆ ಹೆಚ್ಚು, ಅದ್ರಲ್ಲಿ 7 ಸಾವಿರ ಬಾಡಿಗೆಗೇ ಹೋಗುತ್ತೆ. ಮಗಳು ಈ ಸಲ ಒಂದನೇ ಕ್ಲಾಸು, ಮಗ ಬರೋ ವರ್ಷ. ಹತ್ರದ ಪ್ರೈವೇಟ್ ಸ್ಕೂಲಲ್ಲಿ ಫೀಸೇ 48 ಸಾವಿರ, ವ್ಯಾನು ಬುಕ್ಕು ಯೂನಿಫಾರಂ ಸೇರಿ 72 ಸಾವಿರ ಆಗುತ್ತೆ. ಸರ ಅಡ ಇಟ್ಟಾದ್ರೂ ಸೇರಿಸೋಣ ಅಂತಾರೆ ಇವ್ರು. ಅತ್ತೆ ಮಾತ್ರ ಹೆಣ್ಣುಮಗೂಗೆ ಸರ್ಕಾರಿ ಸ್ಕೂಲ್ ಸಾಕು, ಆ ದುಡ್ಡು ಇಟ್ಕೊಂಡು ಗಂಡುಮಗೂನ ಪ್ರೈವೇಟಿಗೆ ಹಾಕಿ ಅಂತಿದಾರೆ. ನಂಗೆ ಎರಡೂ ಸರಿ ಕಾಣ್ತಿಲ್ಲ.
– ಒಬ್ಬ ಓದುಗರು, ತುಮಕೂರು

ಉತ್ತರ: ತಂಗಿ, ನಿಮಗೆ ಸರಿ ಕಾಣದೇ ಇರೋದು ಸರಿಯಾಗೇ ಇದೆ. ಮೊದ್ಲು ಅತ್ತೆ ಮಾತಿಗೆ ಬರ್ತೀನಿ, ಯಾಕಂದ್ರೆ ನಂಗೆ ಸಂಕಟ ಆಗಿದ್ದು ಅಲ್ಲೇ. ನಾನು 26 ವರ್ಷ ಹೈಸ್ಕೂಲಲ್ಲಿ ಪಾಠ ಮಾಡ್ದವಳು, ಒಂದೇ ಮನೆ, ಅಣ್ಣನೋ ತಮ್ಮನೋ ಟೈ ಕಟ್ಕೊಂಡು ವ್ಯಾನ್ ಹತ್ತೋದು, ಹುಡುಗಿ ನಮ್ಮ ಸ್ಕೂಲಿಗೆ ನಡ್ಕೊಂಡು ಬರೋದು, ಇಂಥವು ಎಷ್ಟು ನೋಡಿದೀನೋ. ನಮ್ಮ ಸ್ಕೂಲ್ ಕೆಟ್ಟದು ಅಂತಲ್ಲ. ಆದ್ರೆ ಈ ಮನೇಲಿ ನನ್ನ ಬೆಲೆ ಇಷ್ಟೇ ಅಂತ ಆ ಮಗೂಗೆ ಏಳೆಂಟು ವರ್ಷಕ್ಕೇ ಗೊತ್ತಾಗ್ಬಿಡುತ್ತೆ, ಕೇಳಿದ್ರೆ ಮಗು ತಲೆ ತಗ್ಗಿಸುತ್ತೆ ಅಷ್ಟೆ. ಆದ್ದರಿಂದ ಒಂದೇ ತೀರ್ಮಾನ ಮಾಡಿ, ಇಬ್ರೂ ಪ್ರೈವೇಟು ಇಲ್ಲಾ ಇಬ್ರೂ ಸರ್ಕಾರಿ. ಅತ್ತೆಗೆ ನೀವು ಹೇಳೋದಕ್ಕಿಂತ ನಿಮ್ಮೆಜಮಾನ್ರು ಹೇಳಿದ್ರೆ ನಡೆಯುತ್ತೆ, ಮಗಳಿಗೋಸ್ಕರ ಸರ ಅಡ ಇಡೋಕೆ ಹೊರಟಿರೋ ಮನುಷ್ಯ, ಅವರು ಖಂಡಿತ ಹೇಳ್ತಾರೆ.

ಇನ್ನು ಇಬ್ರಿಗೂ ಪ್ರೈವೇಟ್ ಆಗುತ್ತಾ ಅಂತ ನೋಡೋಣ. ಒಬ್ರಿಗೆ 72 ಸಾವಿರ ಅಂದ್ರೆ ಇಬ್ರಿಗೆ 1 ಲಕ್ಷ 44 ಸಾವಿರ, ಅದು ನಿಮ್ಮಿಬ್ರ ನಾಲ್ಕೂವರೆ ತಿಂಗಳ ದುಡಿಮೆ. ಎಲ್ರೂ ಮೊದಲ್ನೇ ವರ್ಷದ ಫೀಸು ಮಾತ್ರ ನೋಡ್ತಾರೆ ತಂಗಿ, ನೋಡ್ಬೇಕಾದ್ದು ಹತ್ತನೇ ಕ್ಲಾಸಿಂದು. ವರ್ಷಕ್ಕೆ ನೂರಕ್ಕೆ ಹತ್ತು ಜಾಸ್ತಿ ಮಾಡ್ತಾರೆ ಅಂತ ಇಟ್ಕೊಳ್ಳಿ, ಈಗಿನ 48 ಸಾವಿರ ಫೀಸು ಮಗಳು ಹತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ 1 ಲಕ್ಷ 13 ಸಾವಿರ ದಾಟುತ್ತೆ, ಹತ್ತು ವರ್ಷದ್ದು ಕೂಡಿದ್ರೆ ಬರೀ ಫೀಸೇ ಏಳೂವರೆ ಲಕ್ಷದ ಮೇಲೆ, ಅದೂ ಒಬ್ಬಳಿಗೆ. ಟೆಂಪೋ ಬಾಡಿಗೆ ಹಂಗೆ ವರ್ಷಾ ವರ್ಷಾ ಏರುತ್ತಾ? ಈ ವರ್ಷ ಸರ ಅಡ ಇಟ್ರಿ, ಬರೋ ವರ್ಷ ಏನಿಡ್ತೀರಿ? ಬೇಜಾರ್ ಮಾಡ್ಕೋಬೇಡಿ, ಫೀಸ್ ಕಟ್ಟೋಕಾಗ್ದೆ ಮಧ್ಯದಲ್ಲಿ ಬಿಡಿಸ್ಕೊಂಡು ಎಂಟನೇ ಕ್ಲಾಸಿಗೆ ನಮ್ಮಲ್ಲಿ ಸೇರಿಸ್ತಿದ್ದ ಮಕ್ಕಳನ್ನ ನೋಡಿ ನೋಡಿ ಈ ಮಾತು ಹೇಳ್ತಿದೀನಿ. ಬಾಕಿ ಇದೆ ಅಂತ ಹಳೇ ಸ್ಕೂಲಿನವ್ರು ಟಿಸಿ ಕೊಡದೆ ಅಲೆಸಿರ್ತಾರೆ, ಫ್ರೆಂಡ್ಸ್ ಬಿಟ್ಟು ಬಂದಿರ್ತವೆ, ಮೊದಲ್ನೇ ವರ್ಷ ಆ ಮಕ್ಕಳು ಬಾಯೇ ಬಿಡ್ತಿರ್ಲಿಲ್ಲ. ಮೊದ್ಲಿಂದ ಸರ್ಕಾರಿ ಸ್ಕೂಲಲ್ಲೇ ಓದಿದ್ರೆ ಇಷ್ಟು ನೋವಿರ್ತಿರ್ಲಿಲ್ಲ.

ಹಂಗಂತ ಕಣ್ಮುಚ್ಕೊಂಡು ಸರ್ಕಾರಿ ಸ್ಕೂಲಿಗೆ ಹಾಕಿ ಅಂತಾನೂ ಹೇಳಲ್ಲ. ಒಂದಿನ ಬೆಳಿಗ್ಗೆ ಇಬ್ರೂ ಹೋಗಿ, ಹೆಡ್ ಮೇಷ್ಟ್ರನ್ನ ಕೂತು ಕೇಳಿ: ಎಷ್ಟು ಜನ ಮಕ್ಕಳು, ಎಷ್ಟು ಜನ ಟೀಚರ್ಸು, ಅದ್ರಲ್ಲಿ ಪರ್ಮನೆಂಟ್ ಎಷ್ಟು ಅತಿಥಿ ಶಿಕ್ಷಕರೆಷ್ಟು, ಇಂಗ್ಲಿಷ್ ಮೀಡಿಯಂ ಸೆಕ್ಷನ್ ಇದೆಯಾ (2019-20ರಿಂದ ಸಾವಿರ ಸರ್ಕಾರಿ ಶಾಲೇಲಿ ಶುರು ಮಾಡಿದ್ರು, ಆಮೇಲೆ ಇನ್ನೂ ಜಾಸ್ತಿ ಮಾಡಿದಾರೆ). ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನ ಒಟ್ಟಿಗೆ ಕೂರಿಸಿದ್ರೆ ಗಾಬರಿಯಾಗ್ಬೇಡಿ, ಅದು ನಲಿ-ಕಲಿ ಪದ್ಧತಿ. ಆದ್ರೆ ಐದು ಕ್ಲಾಸಿಗೂ ಸೇರಿ ಒಬ್ರೇ ಟೀಚರ್ ಇದ್ರೆ ವಾಪಸ್ ಬನ್ನಿ, ಬೇರೆ ಸ್ಕೂಲ್ ನೋಡಿ. ಕರ್ನಾಟಕ ಪಬ್ಲಿಕ್ ಸ್ಕೂಲ್ ಹತ್ರ ಇದ್ರೆ ಅದನ್ನ ಮೊದ್ಲು ನೋಡಿ, ಎಲ್‌ಕೆಜಿಯಿಂದ ಪಿಯುಸಿವರೆಗೂ ಒಂದೇ ಕಡೆ. ಅನುದಾನಿತ ಶಾಲೆಗಳನ್ನ ಯಾಕೋ ಎಲ್ರೂ ಮರೀತಾರೆ, ಅಲ್ಲಿ ಟೀಚರ್‌ಗಳಿಗೆ ಸಂಬಳ ಸರ್ಕಾರ ಕೊಡುತ್ತೆ, ಫೀಸು ಕಮ್ಮಿ. ಆರ್‌ಟಿಇ ಸೀಟು, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೇಲಿ ಪ್ರೈವೇಟ್ ಸ್ಕೂಲಲ್ಲಿ ಸಿಗೋ ಫ್ರೀ ಸೀಟು, ಅದನ್ನ ಮಾತ್ರ ನಂಬ್ಕೊಂಡು ಕೂರ್ಬೇಡಿ, ಹತ್ರ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಪ್ರೈವೇಟಲ್ಲಿ ಸೀಟಿಲ್ಲ ಅಂತ 2019ರಿಂದಲೇ ರೂಲ್ಸ್ ಬದಲಾಗಿದೆ.

ಸರ್ಕಾರಿ ಸ್ಕೂಲಲ್ಲಿ ಪುಸ್ತಕ, ಯೂನಿಫಾರಂ, ಶೂ, ಹಾಲು, ಮಧ್ಯಾಹ್ನದ ಊಟ ಎಲ್ಲಾ ಅಲ್ಲೇ ಸಿಗುತ್ತೆ, ನಿಮಗೆ ಉಳಿಯೋ ದುಡ್ಡು ದೊಡ್ಡದು. ಅದು ಮನೆ ಖರ್ಚಲ್ಲಿ ಕರಗೋಕೆ ಬಿಡ್ಬೇಡಿ. ನಾಳೆನೇ ಪೋಸ್ಟ್ ಆಫೀಸಿಗೆ ಹೋಗಿ ಮಗಳ ಹೆಸ್ರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆಗೀರಿ, ಅದು ಹೆಣ್ಣುಮಕ್ಕಳಿಗೇ ಅಂತ ಇರೋ ಸರ್ಕಾರದ ಉಳಿತಾಯ ಯೋಜನೆ, ಮಗಳಿಗೆ 10 ವರ್ಷ ತುಂಬೋದ್ರೊಳಗೆ ತೆಗೀಬೇಕು, ವರ್ಷಕ್ಕೆ 250 ಕಟ್ಟಿದ್ರೂ ನಡೆಯುತ್ತೆ, ಹತ್ತನೇ ಕ್ಲಾಸ್ ಪಾಸಾದ ಮೇಲೆ ಓದಿಗೆ ಅಂತ ಅದ್ರಲ್ಲಿರೋದ್ರ ಅರ್ಧದವರೆಗೂ ತೆಗೀಬಹುದು. ಮಗನಿಗೆ ಅಷ್ಟೇ ದುಡ್ಡು ಪಿಪಿಎಫ್‌ಗೆ (ಅದೂ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ಹಾಕಿ. ಪಿಯುಸಿ, ಸಿಇಟಿ ಕೋಚಿಂಗು, ಹಾಸ್ಟೆಲ್ಲು, ಡಿಗ್ರಿ, ದುಡ್ಡು ನಿಜವಾಗ್ಲೂ ಬೇಕಾಗೋದು ಆವಾಗ, ಒಂದನೇ ಕ್ಲಾಸಿಗೇ ಸರ ಹೋಗ್ಬಿಟ್ರೆ ಆವಾಗ ಕೈ ಖಾಲಿ. ಇಂಗ್ಲಿಷ್ ಬಗ್ಗೆ ಭಯ ಇದ್ರೆ ತಿಂಗ್ಳಿಗೆ ಒಂದು ಸಾವಿರ ಎತ್ತಿಟ್ಟು ಪಕ್ಕದ ಬೀದೀಲಿ ಚೆನ್ನಾಗಿ ಹೇಳ್ಕೊಡೋ ಟ್ಯೂಷನ್ ಹುಡುಕಿ, ಇಬ್ರನ್ನೂ ಒಟ್ಟಿಗೆ ಕಳಿಸಿ.

ಸ್ಕೂಲಿಗೆ ಸೇರಿಸಿದ ಮೇಲೆ ಎಸ್‌ಡಿಎಂಸಿಗೆ, ಅಂದ್ರೆ ಶಾಲೆ ನೋಡ್ಕೊಳ್ಳೋ ಸಮಿತಿಗೆ, ನಿಮ್ಮ ಹೆಸ್ರೂ ಕೊಡಿ, ಅಪ್ಪ ಅಮ್ಮಂದಿರೇ ಅದ್ರ ಸದಸ್ಯರಾಗೋದು. ಟೀಚರ್ ಪೋಸ್ಟ್ ಖಾಲಿ ಇದ್ರೆ, ಟಾಯ್ಲೆಟ್ಟಿಗೆ ನೀರಿಲ್ದಿದ್ರೆ ಕೇಳೋ ಹಕ್ಕು ನಿಮಗಿದೆ. ಬ್ಲೌಸ್ ಹೊಲಿಯೋ ಕೆಲ್ಸ ಒಂದು ಗಂಟೆ ನಿಂತ್ರೂ ಪರವಾಗಿಲ್ಲ, ಮೀಟಿಂಗ್ ತಪ್ಪಿಸ್ಬೇಡಿ.