ಎಡಕ್ಕೆ ಬಿಡುವುದೆಂದರೆ ಯಾರ ಎಡಕ್ಕೆ? ಆನ್‌ಲೈನ್ ಹಾಯಿದೋಣಿ ಪಂದ್ಯಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗೆಳೆಯರ ಜೊತೆ ಆನ್‌ಲೈನ್ ಹಾಯಿದೋಣಿ ಪಂದ್ಯ ಆಡುತ್ತೇನೆ. ಈಚಿನ ಒಂದು ಪಂದ್ಯದಲ್ಲಿ ಪಶ್ಚಿಮಕ್ಕೆ ಸಾಗಿ, ಐರ್ಲೆಂಡಿನ ನೈಋತ್ಯ ಕರಾವಳಿಯಾಚೆಯ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಹಿಂದಿರುಗಬೇಕಿತ್ತು. ‘ಬಂಡೆಯನ್ನು ಪೋರ್ಟ್ ಬದಿಗೆ ಬಿಡಬೇಕು’ ಎಂಬ ಸೂಚನೆ ಇತ್ತು. ಪೋರ್ಟ್ ಎಂದರೆ ಎಡವೆಂದು ತಿಳಿದಿದ್ದರಿಂದ ಬಂಡೆಯ ಎಡಗಡೆಯಿಂದ ಹೋಗಿ ಸುತ್ತಿ ಬಂದೆ. ಗುರಿ ಮುಟ್ಟಿದರೂ ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ತಪ್ಪೆಲ್ಲಿ?
— ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಈ ಪಂದ್ಯಗಳಿಗೆ ಹೊಸದಾಗಿ ಬರುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ‘ಎಡಕ್ಕೆ ಬಿಡಬೇಕು’ ಎಂಬ ಸೂಚನೆಯಲ್ಲಿನ ಎಡ ದೋಣಿಯದೇ ಹೊರತು ಬಂಡೆಯದಲ್ಲ. ದೋಣಿಯ ಮೂತಿಯ ಕಡೆ ಮುಖ ಮಾಡಿ ನಿಂತವರ ಎಡಗೈಗೆ ಬಂಡೆ ಇರಬೇಕು. ಪಶ್ಚಿಮಕ್ಕೆ ಮುಖ ಮಾಡಿದವರ ಎಡಗೈ ದಕ್ಷಿಣಕ್ಕಿರುವುದರಿಂದ, ಬಂಡೆ ದಕ್ಷಿಣದಲ್ಲಿ ಉಳಿಯುವಂತೆ ನೀವು ಅದರ ಉತ್ತರದಿಂದ ಸಾಗಿ, ಅದರಾಚೆ ಎಡಕ್ಕೆ ತಿರುಗಿ, ದಕ್ಷಿಣದ ಕಡೆಯಿಂದ ಹಿಂದಿರುಗಬೇಕಿತ್ತು. ನೀವು ದಕ್ಷಿಣದಿಂದ ಹೋಗಿ ಉತ್ತರದಿಂದ ಮರಳಿದ್ದೀರಿ. ಹಾಗಾಗಿ ಬಂಡೆ ಉದ್ದಕ್ಕೂ ನಿಮ್ಮ ಬಲಕ್ಕೇ ಇತ್ತು.

ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗ ಗರ್ಭಗುಡಿ ಸದಾ ನಮ್ಮ ಬಲಗೈಗೆ ಇರುತ್ತದೆ. ಸ್ಟಾರ್‌ಬೋರ್ಡ್ ಬದಿಗೆ, ಅಂದರೆ ದೋಣಿಯ ಬಲಕ್ಕೆ, ಬಿಟ್ಟು ಸುತ್ತುವುದೆಂದರೆ ಅದೇ. ಪೋರ್ಟ್ ಬದಿಗೆ ಬಿಟ್ಟು ಸುತ್ತುವುದು ಅದರ ವಿರುದ್ಧ. ಫ್ರಾನ್ಸಿನ ಲೆ ಸಾಬ್ಲ್ ದೊಲೋನ್‌ನಿಂದ ಹೊರಟು ಭೂಮಿಯನ್ನು ಒಂಟಿಯಾಗಿ ಸುತ್ತಿ ಬರುವ ವಾಂದೇ ಗ್ಲೋಬ್ ಪಂದ್ಯದಲ್ಲಿ ಗುಡ್ ಹೋಪ್, ಲೂವಿನ್, ಹಾರ್ನ್ ಭೂಶಿರಗಳು ಮೂರೂ ಎಡಕ್ಕೆ ಉಳಿಯುತ್ತವೆ, ಅಂಟಾರ್ಕ್ಟಿಕಾ ಬಲಕ್ಕೆ ಉಳಿಯುತ್ತದೆ. ಈ ಮಾರ್ಗವನ್ನು ಒಮ್ಮೆ ಭೂಗೋಳದ ಮೇಲೆ ಬೆರಳಿಟ್ಟು ನೋಡಿದರೆ ಗೊಂದಲ ಬಹುಮಟ್ಟಿಗೆ ತೀರುತ್ತದೆ.

ಇನ್ನೊಂದು ಸಂಗತಿಯನ್ನೂ ತಿಳಿದಿರಿ. ದೋಣಿ ಸರಿಯಾದ ಪಥದಲ್ಲಿ ಸಾಗಿತೇ ಎಂದು ನಿರ್ಧರಿಸಲು ಹಾಯಿದೋಣಿ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಸೈಲಿಂಗ್‌ನ ನಿಯಮಾವಳಿ ಒಂದು ದಾರವನ್ನು ಕಲ್ಪಿಸಿಕೊಳ್ಳುತ್ತದೆ: ದೋಣಿ ಸಾಗಿದ ಹಾದಿಯುದ್ದಕ್ಕೂ ಹಾಸಿದ ದಾರವನ್ನು ಬಿಗಿಯಾಗಿ ಎಳೆದಾಗ, ಅದು ಪ್ರತಿಯೊಂದು ಗುರುತನ್ನೂ (ಅಂದರೆ ದೋಣಿ ಸುತ್ತಬೇಕಾದ ಅಥವಾ ದಾಟಬೇಕಾದ ಬಂಡೆ, ದ್ವೀಪದಂಥದನ್ನು) ಹೇಳಿದ ಕ್ರಮದಲ್ಲಿ, ಹೇಳಿದ ಬದಿಯಲ್ಲಿ ಹಾದಿರಬೇಕು. ಅಡ್ಡದಾರಿ ಹಿಡಿದ ದೋಣಿಯು ಗುರಿ ಮುಟ್ಟುವ ಮೊದಲು ಬಂದ ಹಾದಿಯಲ್ಲೇ ಮರಳಿ, ಆ ದಾರದ ತಪ್ಪು ಸುತ್ತನ್ನು ಬಿಚ್ಚಿ, ಮತ್ತೆ ಸರಿಯಾಗಿ ಸುತ್ತಲು ನಿಯಮವೇ ಅವಕಾಶ ಕೊಟ್ಟಿದೆ. ಗುರಿ ದಾಟಿದ ಮೇಲೆ ಆ ಅವಕಾಶವಿಲ್ಲ. ಆದ್ದರಿಂದ ಪ್ರತಿ ಗುರುತನ್ನು ದಾಟಿದ ಕೂಡಲೇ ಪಂದ್ಯದ ತಂತ್ರಾಂಶ ಅದನ್ನು ಒಪ್ಪಿಕೊಂಡಿದೆಯೇ ಎಂದು ಪರೀಕ್ಷಿಸುವುದು ಅಗತ್ಯ.

ಪ್ರಶ್ನೆ: ಪಂದ್ಯ 12:02ಕ್ಕೆ ಎಂದು ಓದಿ ಮಧ್ಯಾಹ್ನವೇ ಕುಳಿತೆ, ಸಂಜೆಯವರೆಗೂ ಏನೂ ನಡೆಯಲಿಲ್ಲ. ಕಾರಣವೇನು?
— ನಿವೃತ್ತ ನೌಕರರು, ಮಂಡ್ಯ

ಉತ್ತರ: ಇಂಥ ಸೂಚನೆಗಳಲ್ಲಿ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯವನ್ನು ಕೊಟ್ಟಿರುತ್ತಾರೆ. ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಿದರೆ ನಮ್ಮ ಸಮಯ ಬರುತ್ತದೆ. ಆ ಲೆಕ್ಕದಲ್ಲಿ 12:02 ಎಂದರೆ ನಮಗೆ ಸಂಜೆ 5:32. ಪರದೆಯ ಮೇಲಿನ ದೋಣಿಗಳನ್ನು ನಡೆಸಲು ಬಹಳಷ್ಟು ಪಂದ್ಯಗಳು ನೆಚ್ಚುವ ಅಮೆರಿಕದ ಜಿಎಫ್‌ಎಸ್ ಗಾಳಿ ಮುನ್ಸೂಚನೆಯೂ ಯುಟಿಸಿಯ 00, 06, 12, 18 ಗಂಟೆಗಳ ಲೆಕ್ಕದ್ದು. ಅದು ಸಿದ್ಧವಾಗಿ ಪರದೆಯ ಮೇಲೆ ಬರಲು ಮತ್ತೆ ಕೆಲವು ಗಂಟೆಗಳು ಬೇಕು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಭಾಗವಹಿಸಿದ್ದ ಪಂದ್ಯದಲ್ಲಿ, ಸೂಚನೆಯ ಬರಹವು ದ್ವೀಪವನ್ನು ಬಲಕ್ಕೆ ಬಿಡಬೇಕೆಂದು ಹೇಳಿದರೆ, ನಕ್ಷೆಯ ಗೆರೆ ಅದನ್ನು ಎಡಕ್ಕೆ ಬಿಟ್ಟು ಸಾಗಿತ್ತು. ಮಕ್ಕಳು ಎರಡು ಪಾಲಾದರು. ಎರಡನೆಯ ದಿನ ಆಯೋಜಕರು ‘ನಕ್ಷೆಯೇ ಸರಿ’ ಎಂದು ಪ್ರಕಟಿಸಿದ್ದರಿಂದ ಬರಹವನ್ನು ನಂಬಿದವರು ಹಿಂದೆ ಬಿದ್ದರು. ಇದು ನ್ಯಾಯವೇ? ನಾವೇ ಪಂದ್ಯ ನಡೆಸುವುದಾದರೆ ಸೂಚನೆಯನ್ನು ಹೇಗೆ ಬರೆಯಬೇಕು?
— ಶಿಕ್ಷಕಿ, ಶ್ರೀರಂಗಪಟ್ಟಣ

ಉತ್ತರ: ನ್ಯಾಯವಲ್ಲ. ಬರಹವನ್ನು ಶ್ರದ್ಧೆಯಿಂದ ಓದಿ ನಡೆದ ಮಕ್ಕಳೇ ಸೋತರೆ, ಮುಂದೆ ಯಾರೂ ಸೂಚನೆಯನ್ನು ಗೌರವದಿಂದ ಓದುವುದಿಲ್ಲ. ಪಂದ್ಯದ ಪ್ರಕಟಣೆಗೂ ಪಥ ಸೂಚನೆಗೂ ವಿರೋಧ ಕಂಡಾಗ, ಬಾಧೆಗೊಳಗಾದ ದೋಣಿಗಳೆಲ್ಲಕ್ಕೂ ಹೆಚ್ಚು ನ್ಯಾಯ ಒದಗಿಸುವ ನಿಯಮವನ್ನು ಅನ್ವಯಿಸಬೇಕೆಂಬ ತತ್ತ್ವ ನಿಜವಾದ ಸಮುದ್ರಪಂದ್ಯಗಳ ನಿಯಮಾವಳಿಯಲ್ಲಿದೆ. ಆಯೋಜಕರ ಲೋಪದಿಂದ, ತನ್ನದೇನೂ ತಪ್ಪಿಲ್ಲದೆ ಸ್ಥಾನ ಕಳೆದುಕೊಂಡ ದೋಣಿ ಪರಿಹಾರ ಕೋರುವುದಕ್ಕೂ ಅವಕಾಶವಿದೆ. ಆನ್‌ಲೈನ್ ಪಂದ್ಯಕ್ಕೆ ಆ ನಿಯಮಾವಳಿ ತಾನಾಗಿ ಅನ್ವಯಿಸದಿದ್ದರೂ ಅದರ ಹಿಂದಿನ ನ್ಯಾಯಬುದ್ಧಿ ಅನ್ವಯಿಸಲೇಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಎರಡೂ ಬದಿಗಳನ್ನು ಒಪ್ಪಿಕೊಳ್ಳುವುದೋ, ಪಂದ್ಯವನ್ನು ಹೊಸದಾಗಿ ನಡೆಸುವುದೋ ಆಯೋಜಕರ ಮುಂದಿದ್ದ ದಾರಿಗಳು. 2020ರ ವಾಂದೇ ಗ್ಲೋಬ್‌ನ ಆನ್‌ಲೈನ್ ರೂಪದಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ್ದರು; ಅಷ್ಟು ಜನ ಓದುವ ಬರಹದಲ್ಲಿ ಒಂದು ಸಾಲು ಅಸ್ಪಷ್ಟವಾದರೆ ಎಷ್ಟು ದೋಣಿಗಳು ದಾರಿ ತಪ್ಪಬಹುದೆಂದು ಯೋಚಿಸಿ.

ನೀವೇ ನಡೆಸುವುದಾದರೆ, ‘ಎಡಕ್ಕೆ ಬಿಡಿ’ ಎಂಬುದರ ಜೊತೆಗೆ ‘ಅಂದರೆ ದ್ವೀಪದ ಉತ್ತರದಿಂದ ಹಾದುಹೋಗಿ’ ಎಂದು ದಿಕ್ಕನ್ನೂ ಬರೆಯಿರಿ. ಬರಹ, ನಕ್ಷೆ ಇವೆರಡರಲ್ಲಿ ವ್ಯತ್ಯಾಸ ಕಂಡರೆ ಯಾವುದು ಅಂತಿಮ ಎಂಬುದನ್ನು ಮೊದಲೇ ತಿಳಿಸಿ. ಗುರುತಿನ ಅಕ್ಷಾಂಶವನ್ನು ಕೊಡುವಾಗ ವಿಶೇಷ ಎಚ್ಚರ ಬೇಕು, ಏಕೆಂದರೆ ದಶಮಾಂಶದ 12.30 ಡಿಗ್ರಿಯೂ 12 ಡಿಗ್ರಿ 30 ನಿಮಿಷವೂ ಒಂದೇ ಅಲ್ಲ. ಒಂದು ಡಿಗ್ರಿಗೆ 60 ನಿಮಿಷಗಳಾದ್ದರಿಂದ ಮೊದಲನೆಯದು 12 ಡಿಗ್ರಿ 18 ನಿಮಿಷವಾಗುತ್ತದೆ. ಅದು ಹೆಚ್ಚುಕಡಿಮೆ ಮೈಸೂರು ನಗರದ ಅಕ್ಷಾಂಶ. ಎರಡನೆಯದು ಮಂಡ್ಯದ ಹತ್ತಿರದ್ದು. ಅಕ್ಷಾಂಶದ ಒಂದು ನಿಮಿಷ ಸುಮಾರು ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಹಾಗಾಗಿ ಒಂದು ಚುಕ್ಕಿಯನ್ನು ತಪ್ಪಾಗಿ ಓದಿದ್ದಕ್ಕೆ 22 ಕಿಲೋಮೀಟರಿನ ವ್ಯತ್ಯಾಸ ಬರುತ್ತದೆ. ಪಶ್ಚಿಮ ರೇಖಾಂಶದ ಹಿಂದಿನ ಋಣಚಿಹ್ನೆ ಬಿಟ್ಟುಹೋದರಂತೂ ಗುರುತು ಗ್ರೀನಿಚ್ ರೇಖೆಯ ಆಚೆ ಬದಿಗೇ ಹಾರುತ್ತದೆ.

ಬರೆದು ಮುಗಿಸಿದ ಮೇಲೆ, ಪಥವನ್ನು ರೂಪಿಸುವಲ್ಲಿ ಪಾಲಿಲ್ಲದ ಒಬ್ಬ ವಿದ್ಯಾರ್ಥಿಯ ಕೈಗೆ ಬರಹವನ್ನು ಮಾತ್ರ ಕೊಟ್ಟು, ಖಾಲಿ ನಕ್ಷೆಯ ಮೇಲೆ ಹಾದಿಯನ್ನು ಬಿಡಿಸಲು ಹೇಳಿ. ಆ ಗೆರೆ ನಿಮ್ಮ ಗೆರೆಗೆ ಹೊಂದದಿದ್ದರೆ ತಿದ್ದಬೇಕಾದದ್ದು ಸೂಚನೆಯನ್ನು. ಪಂದ್ಯಕ್ಕೆ ಮುನ್ನ ಪ್ರಶ್ನೆ ಕೇಳಲು ಒಂದೆರಡು ದಿನ ಕೊಟ್ಟು, ಒಬ್ಬರಿಗೆ ಕೊಟ್ಟ ಉತ್ತರ ಎಲ್ಲರಿಗೂ ಒಟ್ಟಿಗೇ ತಲುಪುವಂತೆ ನೋಡಿಕೊಳ್ಳಿ.