ಕಿಲ್ -9 ಕೊಟ್ಟರೂ ಬ್ಯಾಕಪ್ ಪ್ರಾಸೆಸ್ ಸಾಯ್ತಿಲ್ಲ, ರೀಬೂಟ್ ಒಂದೇ ದಾರಿಯಾ?

ಲಿನಕ್ಸ್ ಸರ್ವರಲ್ಲಿ ಬ್ಯಾಕಪ್ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ಸಿಕ್ಕಿಹಾಕಿಕೊಂಡಿದೆ, ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿ ಕಿಲ್ -9, ಅಂದರೆ ಬಲವಂತವಾಗಿ ಕೊಲ್ಲುವ ಕಮಾಂಡ್, ಕೊಟ್ಟರೂ ಜಗ್ಗುತ್ತಿಲ್ಲ ಅಂದಿದ್ದೀರಿ. ರೀಬೂಟ್ ಆಮೇಲೆ ನೋಡೋಣ. ಮೊದಲು ಪ್ರಾಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಎಯುಎಕ್ಸ್ (ps aux) ಕೊಟ್ಟು ಸ್ಟ್ಯಾಟ್ ಕಾಲಂನಲ್ಲಿ ಯಾವ ಅಕ್ಷರ ಇದೆ ನೋಡಿ.

ಝಡ್ ಇದ್ದರೆ ಝೋಂಬಿ. ಅದು ಆಗಲೇ ಸತ್ತಿದೆ, ಮತ್ತೆ ಕೊಲ್ಲೋದೇನು? ಪ್ರಾಸೆಸ್ ಟೇಬಲ್‌ನಲ್ಲಿ ಒಂದು ಸಾಲು ಮಾತ್ರ ಉಳಿದಿದೆ. ಅದರ ಪೇರೆಂಟನ್ನು (ಅದನ್ನು ಶುರು ಮಾಡಿದ ಪ್ರಾಸೆಸನ್ನು) ಕೊಂದರೆ ಸಾಮಾನ್ಯವಾಗಿ 1ನೇ ನಂಬರಿನ ಪ್ರಾಸೆಸ್ ಬಂದು ಆ ಸಾಲನ್ನು ಅಳಿಸುತ್ತದೆ. ಟಿ ಇದ್ದರೆ ಯಾರೋ ಕಂಟ್ರೋಲ್-ಝಡ್ ಒತ್ತಿರಬಹುದು. ಕಿಲ್ -ಕಾಂಟ್ ಕೊಟ್ಟರೆ ಮತ್ತೆ ಓಡುತ್ತದೆ.

ನಿಮ್ಮದು ಬಹುಶಃ ಡಿ. ಅಂದರೆ ಪ್ರಾಸೆಸ್ ಕರ್ನಲ್ (ಲಿನಕ್ಸಿನ ಒಳತಿರುಳು) ಒಳಗೆ ಡಿಸ್ಕಿನ ಉತ್ತರಕ್ಕೆ ಕಾಯುತ್ತಾ ಕೂತಿದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಇದೆಯಲ್ಲ, ನೀವು ಎಷ್ಟೇ ಕೂಗಿದರೂ ಸ್ಟೇಷನ್ ಬರುವವರೆಗೆ ಬಾಗಿಲು ತೆಗೆಯೋದಿಲ್ಲ. ಇದೂ ಹಾಗೇ. ನೀವು ಕಳಿಸಿದ -9 ಕಳೆದುಹೋಗಿಲ್ಲ, ಕಾಯ್ತಾ ಇದೆ. ಡಿಸ್ಕ್ ಉತ್ತರ ಕೊಟ್ಟ ಮೇಲೆಯೇ ಅದರ ಸರದಿ. ಹತ್ತು ಸಲ ಕಳಿಸಿದರೂ ಸುಮ್ನೆ ಬೆರಳು ನೋವು.

ದುರ್ಗದ ಬೈಲಿನ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿ ನನಗೂ ಇದೇ ಆಗಿತ್ತು. ಲೋಡ್ ಆವರೇಜ್ (ಸರ್ವರ್ ಮೇಲಿನ ಹೊರೆಯ ಸರಾಸರಿ) 9 ದಾಟಿತ್ತು, ಆದರೆ ಸಿಪಿಯು ಆರಾಮಾಗಿ ಖಾಲಿ ಕೂತಿತ್ತು. ಲಿನಕ್ಸ್ ಡಿ ಸ್ಥಿತಿಯವರನ್ನೂ ಲೋಡಿನಲ್ಲಿ ಲೆಕ್ಕ ಹಾಕುತ್ತದೆ, ಅದಕ್ಕೇ. ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡುವ ಪ್ರೋಗ್ರಾಂ) ಗಂಟೆಗೊಂದು ಹೊಸ, ಫೈಲ್ ನಕಲು ಮಾಡುವ ಆರ್‌ಸಿಂಕ್ ಶುರು ಮಾಡುತ್ತಿತ್ತು, ಪ್ರತಿಯೊಂದೂ ಹೋಗಿ ಅದೇ ಜಾಗದಲ್ಲಿ ಸಿಕ್ಕಿಬೀಳುತ್ತಿತ್ತು. ಕರ್ನಲ್ ಸಂದೇಶ ತೋರಿಸುವ ಡಿಮೆಸೆಜ್‌ನಲ್ಲಿ '120 ಸೆಕೆಂಡಿಗಿಂತ ಜಾಸ್ತಿ ತಡೆದು ನಿಂತಿದೆ' ಅನ್ನೋ ಅರ್ಥದ ಸಾಲು. ಯುಎಸ್‌ಬಿ ಡಿಸ್ಕಿಗೆ ಕಿವಿ ಕೊಟ್ಟೆ. ಟಿಕ್, ಟಿಕ್, ಸ್ವಲ್ಪ ಸುಮ್ಮನೆ, ಮತ್ತೆ ಟಿಕ್. ಕೇಬಲ್ ಕಿತ್ತೆ. ಅಷ್ಟೂ ಆರ್‌ಸಿಂಕ್‌ಗಳು ಒಟ್ಟಿಗೇ ಹೋದವು. ಕಾಯುತ್ತಿದ್ದ ಓದು-ಬರಹಕ್ಕೆ ಕೊನೆಗೆ ಎರರ್ ಆದರೂ ಸಿಕ್ಕಿತಲ್ಲ!

ಹೀಗೆ ಕಿತ್ತರೆ ಅರ್ಧ ಬರೆದದ್ದು ಹಾಳಾಗಬಹುದು. ನನ್ನದು ಹೇಗೂ ಹೋದ ಡಿಸ್ಕ್, ಅದಕ್ಕೆ ಧೈರ್ಯ ಮಾಡಿದೆ.

ಎಲ್ಲಿ ಕಾಯುತ್ತಿದೆ ಅಂತ ತಿಳಿಯಲು ಪ್ರಾಕ್ (/proc) ಒಳಗೆ ಆ ಪಿಐಡಿಯ (ಪ್ರಾಸೆಸ್ ನಂಬರಿನ) ಡೈರೆಕ್ಟರಿಯಲ್ಲಿರುವ ಸ್ಟ್ಯಾಕ್ (stack) ಫೈಲನ್ನು ರೂಟ್ ಆಗಿ ಕ್ಯಾಟ್ ಮಾಡಿ ಓದಿ. ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಬೇರೆ ಸರ್ವರಿನ ಫೈಲ್ ಬಳಸುವ ವ್ಯವಸ್ಥೆ) ಹೆಸರು ಕಂಡರೆ ಆ ಕಡೆಯ ಸರ್ವರ್, ನೆಟ್‌ವರ್ಕ್ ಸ್ವಿಚ್ ನೋಡಿ. 2008ರ 2.6.25 ಕರ್ನಲ್‌ನಲ್ಲಿ ಹೀಗೆ ಕಾಯುವಾಗಲೂ -9ಕ್ಕೆ ಮಣಿಯುವ ಹೊಸ ಬಗೆಯ ನಿದ್ದೆ (ಕಾಯುವ ಸ್ಥಿತಿ) ಬಂತು, ಹಾಗಾಗಿ ಈಗ ಎನ್‌ಎಫ್‌ಎಸ್‌ನಲ್ಲಿ ಸಿಕ್ಕಿದವು ಬಹಳ ಸಲ ಸಾಯುತ್ತವೆ.

ಇನ್ನು ರೀಬೂಟ್. ಕೆಲವೊಮ್ಮೆ ಅದೇ ಕೊನೆಯ ದಾರಿ. ಆದರೆ ಮಾಮೂಲಿ ರೀಬೂಟ್ ಕೂಡ ಅದೇ ಡಿಸ್ಕನ್ನು ಅನ್‌ಮೌಂಟ್ ಮಾಡಲು ಹೋಗಿ ನಿಂತುಬಿಡಬಹುದು. ಸರ್ವರ್ ದೂರ ಇದ್ದರೆ ಪವರ್ ಬಟನ್ ಹತ್ತಿರ ಯಾರನ್ನಾದರೂ ನಿಲ್ಲಿಸಿಕೊಂಡೇ ಕಮಾಂಡ್ ಕೊಡಿ. ಸ್ಟ್ಯಾಕ್ ಫೈಲಿನಲ್ಲಿ ಏನು ಬಂತು ಅಂತ ಇಲ್ಲೇ ಹಾಕಿ, ನೋಡ್ತೀನಿ.