ಸಾಲದ ಕಂತಿಗೆ ಸಂಸ್ಥೆಯ ಹೆಗಲು

ಓದುಗರ ಪತ್ರ: ಟೆಕ್ಸಾಸ್‌ನ ಡಲ್ಲಾಸ್ ಬಳಿ 34 ಜನರ ತಂತ್ರಾಂಶ ಸಂಸ್ಥೆಯೊಂದನ್ನು ನಡೆಸುತ್ತಿದ್ದೇನೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಓದಿನ ಸಾಲವಿದೆ. ಅವರಲ್ಲಿ ನಾಲ್ವರು ಕರ್ನಾಟಕದಿಂದ ಬಂದು ಇಲ್ಲಿ ಎಂ.ಎಸ್. ಮಾಡಿದವರು, ಅವರ ಸಾಲ ಊರಿನ ಬ್ಯಾಂಕುಗಳಲ್ಲಿದೆ. ಬರುವ ಜನವರಿಯಿಂದ ಸಂಸ್ಥೆಯೇ ಒಂದು ಪಾಲು ಕಟ್ಟಬೇಕೆಂದಿದ್ದೇನೆ. ಬೇಡವೆಂದವರಿಗೆ ಅಷ್ಟೇ ಹಣವನ್ನು ಸಂಬಳಕ್ಕೆ ಸೇರಿಸುವುದು, ಪಡೆದವರು ಎರಡು ವರ್ಷ ಬಿಟ್ಟುಹೋಗದಂತೆ ಬಾಂಡ್ ಬರೆಸಿಕೊಳ್ಳುವುದು ಸರಿಯೇ? ಊರಿನ ಸಾಲಕ್ಕೂ ಇದು ಅನ್ವಯಿಸುತ್ತದೆಯೇ?

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರ ಓದಿದಾಗ ತಿಪಟೂರಿನ ನನ್ನ ಅಕ್ಕನ ಮನೆಯ ಗೋಡೆ ಕ್ಯಾಲೆಂಡರ್ ಕಣ್ಣಮುಂದೆ ಬಂತು. ಪ್ರತಿ ತಿಂಗಳ 5ನೇ ತಾರೀಕಿಗೆ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ ಭಾವನವರ ಕೈಬರಹದಲ್ಲಿ ‘ಕಂತು’ ಎಂಬ ಒಂದೇ ಪದ. ಮಗ ಅಮೆರಿಕದಲ್ಲಿ ದುಡಿಯುತ್ತಿದ್ದರೂ ಮನೆಯ ಪತ್ರ ಬ್ಯಾಂಕಿನಲ್ಲಿರುವುದರಿಂದ, ಹಣ ಬಂದು ಜಮೆಯಾಗುವವರೆಗೆ ಅವರಿಗೆ ಸಮಾಧಾನವಿಲ್ಲ. ನೀವು ಮಾಡಹೊರಟಿರುವುದು ಅಂಥ ಮನೆಗಳವರೆಗೂ ತಲುಪುವ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಅಮೆರಿಕದ ತೆರಿಗೆ ಸಂಹಿತೆಯ 127ನೇ ಸೆಕ್ಷನ್, ಮಾಲೀಕರು ನೌಕರರ ಶಿಕ್ಷಣಕ್ಕೆ ಕೊಡುವ ನೆರವಿಗೆ 1978ರಿಂದ ತೆರಿಗೆ ವಿನಾಯಿತಿ ನೀಡುತ್ತ ಬಂದಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಪರಿಹಾರ ಕಾಯ್ದೆಯು ಹಳೆಯ ಓದಿನ ಸಾಲ ತೀರಿಸುವ ಹಣವನ್ನೂ ಅದರೊಳಗೆ ತಂದಿತು. 2025ರ ಕೊನೆಗೆ ಮುಗಿಯಬೇಕಿದ್ದ ಆ ಅನುಕೂಲವನ್ನು 2025ರ ಜುಲೈ 4ರಂದು ಸಹಿಯಾದ ಕಾನೂನು ಕಾಯಂ ಮಾಡಿತು. ಮಿತಿ ಒಬ್ಬ ನೌಕರನಿಗೆ ವರ್ಷಕ್ಕೆ 5,250 ಡಾಲರ್. ಕೋರ್ಸ್ ಶುಲ್ಕದ ನೆರವೂ ಸಾಲದ ನೆರವೂ ಸೇರಿ ಇಷ್ಟೇ; 2026ರ ನಂತರ ಬೆಲೆಯೇರಿಕೆಗೆ ತಕ್ಕಂತೆ ಇದು ಏರಲಿದೆ. ಈ ಮಿತಿಯೊಳಗಿನ ಹಣಕ್ಕೆ ನೌಕರನು ಆದಾಯ ತೆರಿಗೆ ಕಟ್ಟಬೇಕಿಲ್ಲ, ಸಂಬಳದ ಮೇಲಿನ ಸಾಮಾಜಿಕ ಭದ್ರತಾ ತೆರಿಗೆಯೂ ಇಬ್ಬರಿಗೂ ಇಲ್ಲ.

ನಿಮ್ಮ ಮೊದಲ ಆಲೋಚನೆ ಈ ವಿನಾಯಿತಿಯನ್ನೇ ಕೆಡಿಸುತ್ತದೆ. ನೆರವು ಬೇಕೋ ಅದರ ಬದಲು ತೆರಿಗೆ ಬೀಳುವ ಸಂಬಳ ಬೇಕೋ ಎಂಬ ಆಯ್ಕೆಯನ್ನು ನೌಕರನ ಮುಂದಿಡಬಾರದೆಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಸಾಲವಿಲ್ಲದವರಿಗೆ ಅನ್ಯಾಯವಾಗಬಾರದೆಂಬ ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಅದಕ್ಕೆ ದಾರಿ ಬೇರೆ ಇದೆ: ಅದೇ ಲಿಖಿತ ಯೋಜನೆಯಲ್ಲಿ ಮುಂದೆ ಓದಬಯಸುವವರ ಶುಲ್ಕ ಮತ್ತು ಪುಸ್ತಕದ ವೆಚ್ಚವನ್ನೂ ಸೇರಿಸಿ. ಯೋಜನೆ ಬರಹದಲ್ಲಿರಬೇಕು, ಎಲ್ಲ ಅರ್ಹ ನೌಕರರಿಗೂ ತಿಳಿಸಬೇಕು, ಹೆಚ್ಚು ಸಂಬಳದವರ ಪರವಾಗಿ ವಾಲಿರಬಾರದು. ಶೇ 5ಕ್ಕಿಂತ ಹೆಚ್ಚು ಪಾಲುಳ್ಳ ಮಾಲೀಕರಿಗೆ ವರ್ಷದ ಒಟ್ಟು ನೆರವಿನಲ್ಲಿ ಶೇ 5ನ್ನು ಮೀರಿ ಹೋಗುವಂತಿಲ್ಲ.

ಇನ್ನು ಬಾಂಡ್. ಇದನ್ನು ದಯವಿಟ್ಟು ಕೈಬಿಡಿ. ಎಚ್-1ಬಿ ವೀಸಾದಲ್ಲಿರುವವರು ಒಪ್ಪಿದ ದಿನಕ್ಕಿಂತ ಮೊದಲೇ ಬಿಟ್ಟರೆಂದು ದಂಡ ವಸೂಲಿ ಮಾಡುವುದನ್ನು ಅಮೆರಿಕದ ವಲಸೆ ಕಾನೂನೇ ನಿಷೇಧಿಸಿದೆ. ಕಾನೂನಿನ ಮಾತು ಅತ್ತಿರಲಿ, ವೀಸಾ, ಮನೆಯ ಪತ್ರ, ಬಡ್ಡಿ ಇವೆಲ್ಲ ಈಗಾಗಲೇ ಕಟ್ಟಿಹಾಕಿರುವ ಹುಡುಗನಿಗೆ ನೀವು ಇನ್ನೊಂದು ಹಗ್ಗ ಬಿಗಿಯಬೇಕೇ? ನೆರವು ತಿಂಗಳು ತಿಂಗಳು ಬರುತ್ತಿದ್ದರೆ ಉಳಿಯಲು ಅದೇ ಸಾಕಷ್ಟು ಕಾರಣವಾಗುತ್ತದೆ, ಹೊರಟವನಿಗೆ ಮುಂದಿನ ತಿಂಗಳಿಂದ ಅದು ನಿಲ್ಲುತ್ತದೆ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವ ಅಗತ್ಯ ನನಗೆ ಕಾಣುವುದಿಲ್ಲ. ಸೇರಿ ಒಂದು ವರ್ಷವಾದ ಮೇಲಷ್ಟೇ ಅರ್ಹತೆ ಎಂಬ ಷರತ್ತೂ ಬೇಡ. ಸಾಲ ದೊಡ್ಡದಿರುವ ಮೊದಲ ವರ್ಷಗಳಲ್ಲೇ ಕಂತಿನ ಹೆಚ್ಚು ಪಾಲು ಬಡ್ಡಿಗೆ ಹೋಗುವುದು.

ಮೊತ್ತ ಚಿಕ್ಕದೆಂದು ಹಿಂಜರಿಯಬೇಡಿ. ಶೇ 6 ಬಡ್ಡಿಯ, ಹತ್ತು ವರ್ಷದ 30,000 ಡಾಲರ್ ಸಾಲಕ್ಕೆ ತಿಂಗಳ ಕಂತು ಸುಮಾರು 333 ಡಾಲರ್. ನೌಕರ ತನ್ನ ಕಂತನ್ನು ಕಟ್ಟುತ್ತಿರುವಂತೆಯೇ ನೀವು ತಿಂಗಳಿಗೆ 100 ಡಾಲರ್ ಸೇರಿಸಿದರೆ ಸಾಲ ಏಳು ವರ್ಷ ಎರಡು ತಿಂಗಳಿಗೆ ತೀರುತ್ತದೆ, ಬಡ್ಡಿಯಲ್ಲೇ ಸುಮಾರು 3,000 ಡಾಲರ್ ಉಳಿಯುತ್ತದೆ. 18 ಜನರಿಗೆ ಹೀಗೆ ಕೊಟ್ಟರೆ ನಿಮಗೆ ವರ್ಷಕ್ಕೆ 21,600 ಡಾಲರ್ ಖರ್ಚು. ಆದರೆ ಆ ಹೆಚ್ಚುವರಿ ಹಣವನ್ನು ಸಾಲ ನಿರ್ವಹಿಸುವ ಕಂಪನಿ ಮುಂದಿನ ತಿಂಗಳ ಕಂತೆಂದು ಬರೆದುಕೊಂಡು ಪಾವತಿಯ ದಿನಾಂಕವನ್ನಷ್ಟೇ ಮುಂದೂಡಿದರೆ, ನೌಕರನೂ ಆ ತಿಂಗಳು ಕಟ್ಟದೆ ಬಿಟ್ಟು, ಈ ಲೆಕ್ಕವೆಲ್ಲ ಹುಸಿಯಾಗುತ್ತದೆ. ಆದ್ದರಿಂದ ದಿನಾಂಕ ಮುಂದೂಡದೆ ಅಸಲಿಗೆ ಹಾಕಬೇಕೆಂಬ ಸೂಚನೆಯನ್ನು ನೌಕರರಿಂದ ಮೊದಲೇ ಬರೆಸಿ ಕಳುಹಿಸಿ.

ಊರಿನ ಸಾಲದ ಪ್ರಶ್ನೆಗೆ ಬರೋಣ. ಸಾಲ ಕೊಟ್ಟದ್ದು ಅಮೆರಿಕದ ಬ್ಯಾಂಕೇ ಆಗಿರಬೇಕೆಂಬ ನಿಯಮವಿಲ್ಲ. ಕಾನೂನು ಕೇಳುವುದು ಬೇರೆಯದನ್ನು: ಸಾಲ ಮಾಡಿದವರು ನೌಕರರೇ ಆಗಿರಬೇಕು, ಅದು ಅವರ ಓದಿಗಾಗಿ ಮಾತ್ರ ಮಾಡಿದ್ದಾಗಿರಬೇಕು, ಮತ್ತು ಓದಿದ ಸಂಸ್ಥೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ವ್ಯವಸ್ಥೆಯೊಳಗಿರಬೇಕು. ಇಲ್ಲಿನ ವಿಶ್ವವಿದ್ಯಾಲಯದ ಎಂ.ಎಸ್.ಗೆ ಪಡೆದ ಶಿಕ್ಷಣ ಸಾಲದ ಮಂಜೂರಾತಿ ಪತ್ರದಲ್ಲಿ ವಿದ್ಯಾರ್ಥಿ ಸಾಲಗಾರ, ತಂದೆ ಸಹ-ಸಾಲಗಾರ ಎಂದಿದ್ದರೆ ದಾರಿ ಬಹುಮಟ್ಟಿಗೆ ಸುಗಮ. ತಂದೆ ತಮ್ಮ ಹೆಸರಿನಲ್ಲೇ ಮನೆ ಅಡವಿಟ್ಟು ತೆಗೆದ ಸಾಲ, ಅಣ್ಣ ಕೊಟ್ಟ ಕೈಸಾಲ, ತಂಗಿಯ ಮದುವೆಗೂ ಒಂದಿಷ್ಟು ಬಳಸಿಕೊಂಡ ಸಾಲ ಇವು ಒಳಗೆ ಬರುವುದಿಲ್ಲ. ನಮ್ಮ ಕುಟುಂಬಗಳಲ್ಲಿ ಈ ಮೂರೂ ಸಾಮಾನ್ಯವಾದ್ದರಿಂದ ಪತ್ರ ನೋಡದೆ ಯಾರಿಗೂ ಮಾತು ಕೊಡಬೇಡಿ. ಊರಿನ ಕಾಲೇಜಿನಲ್ಲಿ ಮಾಡಿದ ಬಿ.ಇ. ಸಾಲವೂ ಸಾಮಾನ್ಯವಾಗಿ ಹೊರಗೇ ಉಳಿಯುತ್ತದೆ. ಅದಕ್ಕೂ ನೀವು ನೆರವಾಗಬಹುದು, ಆದರೆ ಆ ಹಣ ಸಂಬಳದಂತೆ ತೆರಿಗೆಗೆ ಒಳಪಡುತ್ತದೆ. ರೂಪಾಯಿಯಲ್ಲಿ ನೇರವಾಗಿ ಬ್ಯಾಂಕಿಗೆ ಕಟ್ಟುವ ತೊಡಕೂ ನಿಮಗೆ ಬೇಡ. ಹಣವನ್ನು ನೌಕರನಿಗೇ ಕೊಟ್ಟು ಕಂತು ಕಟ್ಟಿದ ರಸೀದಿ ಪಡೆದುಕೊಳ್ಳಬಹುದು.

ಇನ್ನೊಂದು ಅವಕಾಶವನ್ನೂ ಗಮನಿಸಿ. ಸಾಲ ಕಟ್ಟುವ ಭರದಲ್ಲಿ ನಿವೃತ್ತಿ ಉಳಿತಾಯದ 401(ಕೆ) ಖಾತೆಗೆ ಹಣ ಹಾಕಲಾಗದ ನೌಕರ, ಆ ಉಳಿತಾಯಕ್ಕೆ ತಕ್ಕಂತೆ ಮಾಲೀಕರು ತಮ್ಮ ಕಡೆಯಿಂದ ಸೇರಿಸುವ ಸಮಪಾಲನ್ನೂ ಕಳೆದುಕೊಳ್ಳುತ್ತಿದ್ದ. ಆರೋಗ್ಯ ಉತ್ಪನ್ನಗಳನ್ನು ತಯಾರಿಸುವ ಅಮೆರಿಕದ ಅಬಾಟ್ ಕಂಪನಿ 2018ರಲ್ಲಿ, ಸಂಬಳದ ಶೇ 2ರಷ್ಟನ್ನು ಸಾಲಕ್ಕೆ ಕಟ್ಟುವವರ ನಿವೃತ್ತಿ ಖಾತೆಗೆ ಶೇ 5ರಷ್ಟನ್ನು ತಾನು ಹಾಕುವ ಯೋಜನೆ ತಂದಿತು. 2024ರಿಂದ ಸಾಲದ ಕಂತನ್ನೇ ಉಳಿತಾಯವೆಂದು ಎಣಿಸಿ ಸಮಪಾಲು ಕೊಡಲು ಕಾನೂನೇ ಎಲ್ಲ ಮಾಲೀಕರಿಗೂ ಅವಕಾಶ ಮಾಡಿದೆ. ನಿಮ್ಮಲ್ಲಿ 401(ಕೆ) ಇದ್ದರೆ ಇದನ್ನೂ ಸೇರಿಸಿಕೊಳ್ಳಿ.

ಬೆಂಗಳೂರಿನ ಉದ್ಯಮಿ ಓದುಗರಿಗೂ ಒಂದು ಮಾತು: ಭಾರತದಲ್ಲಿ ಇಂಥ ವಿನಾಯಿತಿಯಿಲ್ಲ, ನೌಕರನ ಸಾಲಕ್ಕೆ ಮಾಲೀಕರು ಕಟ್ಟಿದ ಹಣ ಅವನ ಸಂಬಳದ ಭಾಗವೇ ಆಗುತ್ತದೆ.

ನಿಮ್ಮ ನಾಲ್ವರ ಮಂಜೂರಾತಿ ಪತ್ರಗಳನ್ನು ಈ ವಾರವೇ ಊರಿನಿಂದ ತರಿಸಿಕೊಂಡು, ಯೋಜನೆಯ ಕರಡಿನೊಂದಿಗೆ ತೆರಿಗೆ ವಕೀಲರ ಕೈಗೆ ಕೊಡಿ. ಕರಡಿನಲ್ಲಿ ಸಂಬಳದ ಆಯ್ಕೆಯ ಸಾಲು, ಬಾಂಡಿನ ಸಾಲು ಎರಡನ್ನೂ ಹೊಡೆದುಹಾಕಿಯೇ ಕಳುಹಿಸಿ; ಜನವರಿಯ ಮೊದಲ ಕಂತಿಗೆ ಇನ್ನೂ ಸಮಯವಿದೆ.

— ಸಂ.